ಶಿವಮೊಗ್ಗದಲ್ಲಿ ಹೊಸ ಮನೆ: ಭರವಸೆಯ ಗುತ್ತಿಗೆದಾರರನ್ನು ಗುರುತಿಸುವುದು ಹೇಗೆ?

ನವುಲೆ ನಿವೇಶನ

ಎಲ್ಲರಿಗೂ ನಮಸ್ಕಾರ. ನವುಲೆಯ ಕಡೆಯ ಬಡಾವಣೆಯೊಂದರಲ್ಲಿ ನಮಗೆ ನಲವತ್ತು–ಅರವತ್ತರ ನಿವೇಶನವಿದೆ. ಇ-ಖಾತೆ ಕೈಸೇರಿದೆ, ನಕ್ಷೆ ಸಿದ್ಧವಾಗುತ್ತಿದೆ, ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ಸದ್ಯಕ್ಕೆ ಕೆಳ ಅಂತಸ್ತಿನಲ್ಲಿ 14 ಚದರದ (1,400 ಚದರಡಿಯ) ಮನೆ ಕಟ್ಟಿಸಿ, ಮುಂದೆ ಮಕ್ಕಳು ಬೇಕೆಂದರೆ ಮೇಲೆ ಕಟ್ಟಿಕೊಳ್ಳುವಂತೆ ತಾರಸಿ ಬಿಡಬೇಕೆಂಬುದು ನಮ್ಮ ಯೋಜನೆ. ನಾನೂ ನನ್ನ ಪತ್ನಿಯೂ ಉದ್ಯೋಗದಲ್ಲಿರುವುದರಿಂದ ದಿನವೂ ಸ್ಥಳದಲ್ಲಿ ನಿಂತು ಕೆಲಸ ನೋಡಿಕೊಳ್ಳುವುದು ಸಾಧ್ಯವಿಲ್ಲ. ನಿವೃತ್ತರಾಗಿರುವ ನಮ್ಮ ಮಾವನವರು ಸಂಜೆಯ ಹೊತ್ತು ಹೋಗಿ ಬರಬಲ್ಲರು.

ಈವರೆಗೆ ಮೂವರನ್ನು ವಿಚಾರಿಸಿದ್ದೇವೆ. ಮೊದಲನೆಯವರದು ನಗರದಲ್ಲಿ ದೊಡ್ಡ ಕಚೇರಿ. ಬಣ್ಣದ ಚಿತ್ರಗಳು, ಅಚ್ಚು ಹಾಕಿಸಿದ ಒಪ್ಪಂದದ ನಮೂನೆ ಎಲ್ಲವೂ ಇವೆ. ಎರಡನೆಯವರು ಸಾಮಗ್ರಿ ಸಮೇತ ಮೊದಲನೆಯವರಿಗಿಂತ ಚದರಡಿಗೆ 400 ರೂಪಾಯಿ ಕಡಿಮೆಗೆ ಮಾಡಿಕೊಡುವುದಾಗಿ ಹೇಳುತ್ತಾರೆ. ಮೂರನೆಯವರು ಸಂಬಂಧಿಕರೊಬ್ಬರ ಮನೆ ಕಟ್ಟಿದ ಮೇಸ್ತ್ರಿ; ಕೂಲಿ ಗುತ್ತಿಗೆ ಮಾತ್ರ ಹಿಡಿಯುತ್ತಾರೆ, ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡ್ ಎಲ್ಲವನ್ನೂ ನಾವೇ ತರಿಸಿಕೊಡಬೇಕು. ಮೂವರಿಗೂ 'ಒಳ್ಳೆಯ ಹೆಸರಿದೆ' ಎಂದು ಹೇಳುವವರಿದ್ದಾರೆ. ಆ ಹೆಸರು ನಿಜವಾದದ್ದೇ ಎಂಬುದನ್ನು ನಮ್ಮಂಥ, ಕಟ್ಟಡದ ಕೆಲಸ ತಿಳಿಯದ ಜನ ಯಾವ ರೀತಿಯಲ್ಲಿ ಪರೀಕ್ಷಿಸಬಹುದು? ಯಾವುದೇ ಗುತ್ತಿಗೆದಾರರ ಹೆಸರನ್ನು ಸೂಚಿಸಬೇಕೆಂದು ಕೇಳುತ್ತಿಲ್ಲ. ಪರೀಕ್ಷಿಸುವ ಕ್ರಮವನ್ನು ತಿಳಿಸಿದರೆ ಸಾಕು.

ಸಾಗರದ ಇಂಜಿನಿಯರ್

ಮಾನ್ಯರೇ, ನಾನು ಕಟ್ಟಡಗಳ ವಿನ್ಯಾಸ ಮಾಡುವವನೇ ಹೊರತು ಗುತ್ತಿಗೆ ಹಿಡಿಯುವವನಲ್ಲ. ದರದ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ಅವರು ಕಟ್ಟಿದ ಮನೆಗಳಿಂದಲೇ ಆರಂಭಿಸಿ.

ಗುತ್ತಿಗೆದಾರರು ತಾವಾಗಿ ತೋರಿಸುವ ಮನೆಗಳು ಸಾಮಾನ್ಯವಾಗಿ ಈಚೆಗೆ ಗೃಹಪ್ರವೇಶವಾದವು. ಬಣ್ಣದ ವಾಸನೆ ಆರದ ಮನೆಯನ್ನು ನೋಡಿ ಏನನ್ನೂ ನಿರ್ಧರಿಸಲಾಗುವುದಿಲ್ಲ. ಕನಿಷ್ಠ ಮೂರು ಮಳೆಗಾಲ ಕಂಡ ಮನೆಗಳ ವಿಳಾಸ ಕೇಳಿ, ಸಾಧ್ಯವಾದರೆ ಜುಲೈ ಅಥವಾ ಆಗಸ್ಟ್ ತಿಂಗಳಲ್ಲೇ ಹೋಗಿ ನೋಡಿ. ಪಶ್ಚಿಮಕ್ಕೂ ನೈರುತ್ಯಕ್ಕೂ ಮುಖ ಮಾಡಿದ, ಇರಚಲು ಹೊಡೆಯುವ ಗೋಡೆಯ ಒಳಮೈಯನ್ನು ಮೊದಲು ಗಮನಿಸಬೇಕು. ಕಿಟಕಿಯ ಕೆಳಗಿನ ಮೂಲೆಗಳು, ಸಜ್ಜಾ ಗೋಡೆಗೆ ಸೇರುವ ಜಾಗ, ಸ್ನಾನದ ಮನೆಯ ಹೊರಗೋಡೆ, ತಾರಸಿಯಲ್ಲಿ ಪ್ಯಾರಾಪೆಟ್ಟಿನ ಬುಡ, ಇವು ಮುಚ್ಚುಮರೆಯಿಲ್ಲದೆ ಕೆಲಸದ ಗುಣವನ್ನು ಹೇಳುತ್ತವೆ. ನೆಲಮಟ್ಟದಿಂದ ಒಂದೆರಡು ಅಡಿಯವರೆಗೆ ಗಾರೆ ಉಬ್ಬಿ ಬಣ್ಣ ಪುಡಿಯುದುರುತ್ತಿದ್ದರೆ, ನೆಲದ ತೇವ ಮೇಲೇರದಂತೆ ತಡೆಯುವ ಪದರವನ್ನು ಸರಿಯಾಗಿ ಹಾಕಿಲ್ಲವೆಂದು ಅನುಮಾನಿಸಬೇಕು. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ಸೇರುವ ಕಡೆ ನೆಟ್ಟಗೆ ಇಳಿದ ಬಿರುಕಿದ್ದರೆ, ಗಾರೆ ಮಾಡುವ ಮುನ್ನ ಅಲ್ಲಿ ಚಿಕನ್ ಮೆಶ್ (ತೆಳು ತಂತಿಬಲೆ) ಹೊಡೆದಿರಲಾರರು. ಗಾರೆಯ ಮೇಲೆ ಅಲ್ಲಲ್ಲಿ ಕಾಣುವ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಾಗಿಲ್ಲ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಮಗ್ಗುಲಲ್ಲಿ ಕಾಣುವ ಬಿರುಕಿಗೆ ಮಾತ್ರ ಕಾರಣ ಕೇಳಬೇಕು.

ಆ ಮನೆಯವರನ್ನು 'ಕೆಲಸ ಹೇಗಿದೆ' ಎಂದು ಕೇಳಿದರೆ ಉಪಯೋಗವಿಲ್ಲ. ಜೀವಮಾನದ ಉಳಿತಾಯ ಹಾಕಿದ ಮನೆಯನ್ನು ಯಾರೂ ಅಪರಿಚಿತರ ಮುಂದೆ ಹೀಗಳೆಯುವುದಿಲ್ಲ. ಒಪ್ಪಂದದ ಮೊತ್ತದ ಮೇಲೆ ಕೊನೆಗೆ ಎಷ್ಟು ಹೆಚ್ಚಾಯಿತು, ಯಾವ ಬಾಬ್ತಿಗೆ ಹೆಚ್ಚಾಯಿತು, ಹಣ ಪೂರ್ತಿ ಸಂದ ಮೇಲೆ ಸೋರಿಕೆ ಕಂಡು ಫೋನ್ ಮಾಡಿದಾಗ ಜನ ಬಂದರೇ, ನೀವಿಲ್ಲದ ಹೊತ್ತಿನಲ್ಲಿ ಸ್ಥಳದಲ್ಲಿ ಯಾರು ಇರುತ್ತಿದ್ದರು ಎಂದು ಕೇಳಿ. ಕೊನೆಯ ಪ್ರಶ್ನೆ ತಮಗೆ ವಿಶೇಷವಾಗಿ ಅನ್ವಯಿಸುತ್ತದೆ. ಏಕಕಾಲದಲ್ಲಿ ಹಲವು ಕಡೆ ಕೆಲಸ ನಡೆಸುವ ಗುತ್ತಿಗೆದಾರರು ಎಷ್ಟೇ ಸಜ್ಜನರಾಗಿದ್ದರೂ, ತಾವು ಕಟ್ಟಿಸುವ ಮನೆಯ ಗುಣಮಟ್ಟ ನಿಲ್ಲುವುದು ಅಲ್ಲಿ ದಿನವಿಡೀ ಇರುವ ಮೇಸ್ತ್ರಿಯ ಮೇಲೆ. ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಆ ಮೇಸ್ತ್ರಿಯನ್ನು ಕಂಡು ಮಾತನಾಡಿ.

ಇನ್ನು, ಅವರದೇ ನಡೆಯುತ್ತಿರುವ ಕೆಲಸವೊಂದನ್ನು ಮುನ್ಸೂಚನೆ ಕೊಡದೆ ಹೋಗಿ ನೋಡಿ. ಸಿಮೆಂಟು ಚೀಲಗಳನ್ನು ನೆಲದ ಮೇಲೆಯೇ ಒಟ್ಟಿದ್ದಾರೋ ಹಲಗೆಯ ಮೇಲೆ ಗೋಡೆಯಿಂದ ದೂರವಿಟ್ಟಿದ್ದಾರೋ, ತಾರಸಿಯ ಕಬ್ಬಿಣದ ಕೆಳಗೆ ಅದನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ಅಚ್ಚುಕಟ್ಟಾದ ಕವರ್ ಬ್ಲಾಕ್ ಇಟ್ಟಿದ್ದಾರೋ ಜಲ್ಲಿಚೂರು ತುರುಕಿದ್ದಾರೋ, ಕಟ್ಟಿದ ಗೋಡೆ ಕೈಗೆ ತಣ್ಣಗಿದೆಯೋ ಒಣಗಿ ಬೆಳ್ಳಗಾಗಿದೆಯೋ ಎಂಬುದನ್ನು ನೋಡಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಪಿಪಿಸಿಯಂಥ (ಪೋರ್ಟ್‌ಲ್ಯಾಂಡ್ ಪೊಜೋಲಾನ ಸಿಮೆಂಟಿನಂಥ) ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456:2000 ಹೇಳುತ್ತದೆ. ಈಗ ಬಹುತೇಕ ಮನೆಗಳಿಗೆ ಬಳಸುವುದು ಪಿಪಿಸಿಯನ್ನೇ. 'ಮಳೆ ಬರುತ್ತಿದೆಯಲ್ಲ, ನೀರೇಕೆ' ಎನ್ನುವ ಮೇಸ್ತ್ರಿಗಳು ನಮ್ಮಲ್ಲಿ ಧಾರಾಳವಾಗಿ ಸಿಗುತ್ತಾರೆ. ಎರಡು ದಿನ ಮಳೆ ಬಿಟ್ಟು ಹೊಳವಾದರೆ ಅವರು ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ.

ತಮ್ಮ ವಿಷಯದಲ್ಲಿ ಇನ್ನೂ ಒಂದು ಪರೀಕ್ಷೆಯಿದೆ. ನಗರದ ಸುತ್ತಲಿನ ಹೊಸ ಬಡಾವಣೆಗಳಲ್ಲಿ ಹಲವು ಹಿಂದೆ ಭತ್ತದ ಗದ್ದೆಗಳಾಗಿದ್ದವು. ಮೇಲೆ ಕೆಂಪು ಮಣ್ಣು ತುಂಬಿ ಸಮ ಮಾಡಿರುತ್ತಾರೆ. ತುಂಬಿದ ಮಣ್ಣು ಎಷ್ಟು ಆಳಕ್ಕಿದೆ, ಗಟ್ಟಿ ನೆಲ ಎಲ್ಲಿ ಸಿಗುತ್ತದೆ ಎಂಬುದನ್ನು ಗುಂಡಿ ತೋಡಿಸಿ ನೋಡದೆ ಪಾಯದ ಖರ್ಚನ್ನು ಯಾರೂ ಹೇಳಲಾರರು. ಮೂವರಲ್ಲಿ ಯಾರು 'ಮೊದಲು ಗುಂಡಿ ತೋಡಿಸಿ ನೋಡೋಣ' ಎಂದರು? ನೆಲವನ್ನು ನೋಡದೆ ಚದರಡಿಯ ದರ ಹೇಳಿದವರು ಪಾಯದ ಹೆಚ್ಚುವರಿಯನ್ನು ತಮ್ಮಿಂದ ಆಮೇಲೆ ಕೇಳುತ್ತಾರೆ, ಇಲ್ಲವೇ ಪಾಯವನ್ನು ಗಟ್ಟಿ ನೆಲಕ್ಕೆ ಇಳಿಸದೆ ಮೇಲೆಯೇ ನಿಲ್ಲಿಸುತ್ತಾರೆ. ಮುಂದೆ ಇನ್ನೊಂದು ಅಂತಸ್ತು ಬರಲಿರುವಾಗ ಎರಡನೆಯದು ಅಪಾಯಕಾರಿ.

ಹಾಗೆಯೇ ಅವರ ಪಟ್ಟಿಯಲ್ಲಿ ಕಾಂಕ್ರೀಟಿನ ದರ್ಜೆ ಯಾವುದೆಂದು ನೋಡಿ. ಹಲವರು ಎಂ20 ಎಂದು ಬರೆಯುತ್ತಾರೆ, ಅಂದರೆ ಸಿಮೆಂಟು, ಮರಳು, ಜಲ್ಲಿಯ 1:1.5:3ರ ಮಿಶ್ರಣ. ಅದೇ ಐಎಸ್ 456ರ ಪ್ರಕಾರ ಎಂ20 ಸೌಮ್ಯ ಪರಿಸರದ ಕನಿಷ್ಠ ಮಟ್ಟ ಮಾತ್ರ. ಭಾರೀ ಮಳೆಯಿಂದ ಮರೆಯಲ್ಲಿರುವ ಕಾಂಕ್ರೀಟಿಗೆ ಎಂ25, ಭಾರೀ ಮಳೆಗೆ ನೇರವಾಗಿ ಒಡ್ಡಿಕೊಂಡ ಮೈಗಳಿಗೆ ಎಂ30 ಕನಿಷ್ಠ. ಶಿವಮೊಗ್ಗ ನಗರದ ಮಳೆಯನ್ನು ಆಗುಂಬೆ, ಹುಲಿಕಲ್ಲಿನ ಮಳೆಗೆ ಹೋಲಿಸಲಾಗದು, ನಿಜ; ಆದರೂ ಈ ಜಿಲ್ಲೆಯಲ್ಲಿ ಎಂ25ಕ್ಕಿಂತ ಕೆಳಗೆ ನಾನು ವಿನ್ಯಾಸ ಮಾಡುವುದಿಲ್ಲ. ಈ ವಿಷಯ ಎತ್ತಿದಾಗ ಗುತ್ತಿಗೆದಾರರು ಚರ್ಚಿಸುತ್ತಾರೋ ಅಥವಾ 'ನಾವು ಇಪ್ಪತ್ತು ವರ್ಷದಿಂದ ಹೀಗೆಯೇ ಹಾಕುತ್ತಿದ್ದೇವೆ' ಎಂದು ಮಾತು ಮುಗಿಸುತ್ತಾರೋ ಎಂಬುದನ್ನು ಗಮನಿಸಿ.

ಗೋಪಾಳದ ಶಿಕ್ಷಕಿ

ಇಂಜಿನಿಯರ್ ಸರ್ ದರವನ್ನು ಬದಿಗಿಡಲು ಹೇಳಿದ್ದಾರೆ. ನನ್ನ ಅನುಭವದಲ್ಲಿ ಗುತ್ತಿಗೆದಾರರ ನಡತೆ ತಿಳಿಯುವುದೇ ದರದ ಪಟ್ಟಿಯಿಂದ. ನಾವು ಮನೆ ಕಟ್ಟಿಸುವಾಗ ಪಡೆದ ದರಪಟ್ಟಿಗಳನ್ನು ಒಂದೇ ಹಾಳೆಯ ಮೇಲೆ ಸಾಲುಸಾಲಾಗಿ ಬರೆದುಕೊಂಡೆವು. ಒಬ್ಬರು ಚದರಡಿ ಲೆಕ್ಕಕ್ಕೆ ಪೋರ್ಟಿಕೋ ಮತ್ತು ಮೆಟ್ಟಿಲ ಮೇಲಿನ ಕೋಣೆಯನ್ನು ಪೂರ್ತಿಯಾಗಿ ಸೇರಿಸಿದ್ದರು, ಇನ್ನೊಬ್ಬರು ಅರ್ಧಕ್ಕೆ ಹಿಡಿದಿದ್ದರು. ಕಡಿಮೆ ದರದವರ ಪಟ್ಟಿಯಲ್ಲಿ ಸಂಪು, ಮೇಲಿನ ನೀರಿನ ಟ್ಯಾಂಕು, ಕಾಂಪೌಂಡು, ಗೇಟು, ಕಿಟಕಿಯ ಗ್ರಿಲ್ಲು, ಅಡುಗೆಮನೆಯ ಕಪಾಟು, ಗೆದ್ದಲು ನಿರೋಧಕ ಔಷಧಿ ಯಾವುದೂ ಇರಲಿಲ್ಲ. ಅವೆಲ್ಲವನ್ನೂ ಕೂಡಿಸಿದ ಮೇಲೆ 'ಕಡಿಮೆ' ಎಂದವರದೇ ಹೆಚ್ಚಾಯಿತು. ತಮ್ಮ 400 ರೂಪಾಯಿಯ ವ್ಯತ್ಯಾಸವನ್ನೂ ಹೀಗೆ ಒರೆಗೆ ಹಚ್ಚಿ ನೋಡಿ.

'ಉತ್ತಮ ಗುಣಮಟ್ಟದ ಟೈಲ್ಸ್', 'ಬ್ರಾಂಡೆಡ್ ವೈರಿಂಗ್' ಎಂಬ ಮಾತುಗಳನ್ನು ಒಪ್ಪಬೇಡಿ. ಟೈಲ್ಸ್ ಆದರೆ ಚದರಡಿಗೆ ಎಷ್ಟು ರೂಪಾಯಿಯೊಳಗಿನದು, ಬಾಗಿಲಿನ ಚೌಕಟ್ಟು ಯಾವ ಮರದ್ದು, ಕಬ್ಬಿಣ ಯಾವ ದರ್ಜೆಯದು, ಬಣ್ಣ ಎಷ್ಟು ಕೈ ಹೊಡೆಯಬೇಕು ಎಂಬುದು ಬರಹದಲ್ಲಿರಲಿ. ನಾವು ಒಪ್ಪಿಕೊಂಡವರು ಇದನ್ನೆಲ್ಲ ಕೇಳಿದಾಗ ಬೇಸರಪಟ್ಟುಕೊಳ್ಳದೆ ತಾವೇ ನಾಲ್ಕು ಸಾಲು ಹೆಚ್ಚು ಬರೆದುಕೊಟ್ಟರು. ಇನ್ನೊಬ್ಬರು 'ನಂಬಿಕೆ ಇಲ್ಲದಿದ್ದರೆ ಬೇಡ ಬಿಡಿ ಮೇಡಂ' ಎಂದರು, ನಾವು ಬಿಟ್ಟೆವು.

ಹೊಸನಗರದ ಬೆಳೆಗಾರ

ಮೇಲಿನವರ ಮಾತುಗಳು ನಗರಕ್ಕೆ ಸರಿ. ನಮ್ಮ ಕಡೆ ಗುತ್ತಿಗೆದಾರರನ್ನು ಹೀಗೆ ಪಟ್ಟಿ ಮಾಡಿ ಆರಿಸುವಷ್ಟು ಜನರೇ ಇಲ್ಲ. ಆದರೂ ತಾವು ಮೂರನೆಯ ಮೇಸ್ತ್ರಿಯನ್ನು ಸುಮ್ಮನೆ ತಳ್ಳಿಹಾಕಬಾರದೆಂದು ಬರೆಯುತ್ತಿದ್ದೇನೆ. ಕೂಲಿ ಗುತ್ತಿಗೆಯಲ್ಲಿ ಸಾಮಗ್ರಿಯ ಗುಣ ನಮ್ಮ ಕೈಯಲ್ಲಿರುತ್ತದೆ. ಜಂಬಿಟ್ಟಿಗೆ ಕಲ್ಲನ್ನು ಕಣಿಗೇ ಹೋಗಿ ಆರಿಸಿ ತರಬಹುದು, ಮೆತ್ತನೆಯ ಕಲ್ಲು ಬಂದರೆ ಹಿಂದಕ್ಕೆ ಕಳಿಸಬಹುದು. ಆದರೆ ಅದಕ್ಕೆ ಮನೆಯಲ್ಲಿ ಒಬ್ಬರು ಪೂರ್ತಿ ಬಿಡುವಾಗಿರಬೇಕು. ಸಂಜೆ ಮಾತ್ರ ಹೋಗುವ ಮಾವನವರಿಂದ ಆಗುವ ಕೆಲಸವಲ್ಲ ಅದು, ಅವರಿಗೆ ಆ ಭಾರ ಹೊರಿಸಬೇಡಿ.

ಎಚ್ಚರಿಕೆಯ ಮಾತೆಂದರೆ ಕಾಲದ್ದು. ಮಲೆನಾಡಿನಲ್ಲಿ ಕಟ್ಟಡದ ಹಂಗಾಮು ದೀಪಾವಳಿಯಿಂದ ಮೇ ಕೊನೆಯವರೆಗೆ. ಅದರಲ್ಲೂ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಊರಿನ ಆಳುಗಳು ತೋಟ, ಸುಲಿಯುವ ಕೆಲಸ ಎಂದು ಹೋಗಿಬಿಡುತ್ತಾರೆ. ಹೊರಗಿನಿಂದ ಬಂದ ಆಳುಗಳನ್ನೇ ನಂಬಿಕೊಂಡ ಗುತ್ತಿಗೆದಾರರು ಅವರು ಊರಿಗೆ ಹೊರಟರೆ ಕೈಚೆಲ್ಲುತ್ತಾರೆ. ನಮ್ಮ ನೆರೆಯವರೊಬ್ಬರ ಗುತ್ತಿಗೆದಾರ ಏಪ್ರಿಲ್ ತಿಂಗಳಲ್ಲಿ ಮುಂಗಡ ಪಡೆದು ಪ್ಲಿಂತ್ (ಮನೆಯ ನೆಲಗಟ್ಟಿನ) ಮಟ್ಟಕ್ಕೆ ತಂದು ಬೇರೆ ಕಡೆ ಹೋದರು. ಮಳೆಗಾಲವಿಡೀ ಕಂಬದ ಕಬ್ಬಿಣ ತುಕ್ಕು ಹಿಡಿಯುತ್ತ ನಿಂತಿತು, ಹಿಂದಿನ ಧರೆಯ (ಗುಡ್ಡ ಕಡಿದ ಕಡೆಯ ಮಣ್ಣುಗೋಡೆಯ) ಮಣ್ಣು ಜರಿದು ಪಾಯದ ಮೇಲೆ ಬಂತು. ಗುಡ್ಡದ ಬದಿಯ ನಿವೇಶನವಿರುವವರು ಧರೆಗೆ ತಡೆಗೋಡೆಯನ್ನೂ ಅದರ ಹಿಂದಿನ ನೀರು ಹೊರಹೋಗುವ ತೂತುಗಳನ್ನೂ ಮನೆಯ ಒಪ್ಪಂದದೊಳಗೇ ಸೇರಿಸಬೇಕು. ಯಾವ ಗುತ್ತಿಗೆದಾರರೂ ತಾವಾಗಿ ಆ ಮಾತೆತ್ತುವುದಿಲ್ಲ.

ತೀರ್ಥಹಳ್ಳಿಯ ವಕೀಲ

ಕಾನೂನಿನ ಕಡೆಯಿಂದ ಕೆಲವು ವಿಷಯಗಳು. ರೇರಾದಲ್ಲಿ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಾಯಿತರೇ ಎಂದು ಕೇಳಿ ನಿಶ್ಚಿಂತರಾಗುವವರು ಬಹಳ ಜನ. 2016ರ ಆ ಕಾಯ್ದೆ ಇರುವುದು ನಿವೇಶನ, ಮನೆ, ಫ್ಲ್ಯಾಟುಗಳನ್ನು ಅಭಿವೃದ್ಧಿಪಡಿಸಿ ಮಾರುವ ಯೋಜನೆಗಳಿಗೆ. ಅದರಲ್ಲೂ 500 ಚದರ ಮೀಟರಿಗಿಂತ ಹೆಚ್ಚಿನ ಜಾಗವಿಲ್ಲದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗೆ ನೋಂದಣಿ ಕಡ್ಡಾಯವಲ್ಲ. ಕಟ್ಟಿದ ಮನೆಯನ್ನೇ ಕೊಳ್ಳುವವರಿಗೆ ಅದರಿಂದ ದೊಡ್ಡ ರಕ್ಷಣೆಯಿದೆ: ನೋಂದಾಯಿತ ಮಾರಾಟ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಕಂಡ ದೋಷವನ್ನು ಅವರ ಖರ್ಚಿನಲ್ಲೇ ಸರಿಪಡಿಸಬೇಕು. ಸ್ವಂತ ನಿವೇಶನದಲ್ಲಿ ಗುತ್ತಿಗೆಗೆ ಕೊಟ್ಟು ಕಟ್ಟಿಸುವವರಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ. ಆದ್ದರಿಂದ ರಚನೆಗೆ 5 ವರ್ಷ, ಸೋರಿಕೆಗೆ ಕನಿಷ್ಠ ಎರಡು ಮಳೆಗಾಲದ ಹೊಣೆ ಎಂಬ ಮಾತನ್ನು ತಾವೇ ಒಪ್ಪಂದದಲ್ಲಿ ಬರೆಸಬೇಕು.

ತಮಗೆ ನೆರವಾಗುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು ಮನೆ ನಿರ್ಮಾಣವನ್ನು ಸೇವೆಯೆಂದೇ ಪರಿಗಣಿಸುತ್ತದೆ. ಪಾವತಿಸಿದ ಪ್ರತಿಫಲ 50 ಲಕ್ಷ ರೂಪಾಯಿ ಮೀರದಿದ್ದರೆ ದೂರನ್ನು ಶಿವಮೊಗ್ಗದ ಜಿಲ್ಲಾ ಆಯೋಗದಲ್ಲೇ ಸಲ್ಲಿಸಬಹುದು; ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕೆಂಬುದನ್ನು ಮರೆಯಬಾರದು. ಅಚ್ಚಾದ ಒಪ್ಪಂದಗಳಲ್ಲಿ 'ವಿವಾದವೇನಿದ್ದರೂ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ' ಎಂಬ ಕಲಮು ಇದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲ. ಆದರೆ ಕೈಗೆ ನಗದು ಕೊಟ್ಟು ರಸೀದಿ ಪಡೆಯದವರಿಗೆ ಯಾವ ಕಾಯ್ದೆಯೂ ಸುಲಭದಲ್ಲಿ ನೆರವಾಗದು.

ಕಾರ್ಮಿಕರ ವಿಚಾರವನ್ನು ಯಾರೂ ಎತ್ತಿಲ್ಲ. ಕೆಲಸದ ನಡುವೆ ಯಾರಾದರೂ ಸಾರುವೆಯಿಂದ ಬಿದ್ದರೆ ಹೊಣೆ ಯಾರದು, ವಿಮೆಯ ಕಂತನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಒಪ್ಪಂದದಲ್ಲಿ ಸ್ಪಷ್ಟಪಡಿಸಿ. ನಿರ್ಮಾಣ ವೆಚ್ಚ ಮಿತಿ ಮೀರಿದರೆ ಸ್ವಂತ ವಾಸದ ಮನೆಗೂ ಕಾರ್ಮಿಕ ಸೆಸ್ ಇದೆ; ಆ ಮಿತಿ 2025ರ ನವೆಂಬರ್‌ವರೆಗೆ 10 ಲಕ್ಷವಿತ್ತು, ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದ ಮೇಲೆ 50 ಲಕ್ಷ. ಸಾಮಗ್ರಿ ಸಮೇತದ ಗುತ್ತಿಗೆಗೆ ಜಿಎಸ್‌ಟಿ ಬರುತ್ತದೆ. ಒಂಟಿ ಮನೆಯ ಶುದ್ಧ ಕೂಲಿ ಗುತ್ತಿಗೆಗೆ ವಿನಾಯಿತಿಯಿದೆ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ಈಗಲೇ ಕೇಳಿಕೊಳ್ಳಿ.

ನವುಲೆ ನಿವೇಶನ

ಎಲ್ಲರಿಗೂ ಧನ್ಯವಾದಗಳು. ಗುಂಡಿಯ ಮಾತನ್ನು ಮೂವರಲ್ಲಿ ಎತ್ತಿದವರು ಮೇಸ್ತ್ರಿ ಒಬ್ಬರೇ ಎಂಬುದು ಈಗ ನೆನಪಾಗುತ್ತಿದೆ. ಎರಡನೆಯವರು ಮೂರು ವರ್ಷ ಹಳೆಯ ಮನೆಗಳ ವಿಳಾಸ ಕೊಡಲು ಹಿಂಜರಿಯಲಿಲ್ಲ. ನಾವು ನೋಡಿದ ಒಂದರಲ್ಲಿ ಸ್ನಾನದ ಮನೆಯ ಹೊರಗೋಡೆ ಹಸಿಯಾಗಿತ್ತು, ಆದರೆ ಅವರು ಕರೆದಾಗಲೆಲ್ಲ ಬಂದು ಸರಿಪಡಿಸಿದ್ದಾರೆಂದು ಮನೆಯವರೇ ಹೇಳಿದರು. ದೊಡ್ಡ ಕಚೇರಿಯವರು ಮೊದಲಿಗೇ ಶೇ 20 ಮುಂಗಡ ಕೇಳುತ್ತಿದ್ದಾರೆ, ಕಂತುಗಳ ಪಟ್ಟಿಯನ್ನು ಬದಲಿಸುವುದಿಲ್ಲ ಎನ್ನುತ್ತಾರೆ. ಹಸಿ ಗೋಡೆಯ ಕಾರಣಕ್ಕೆ ಎರಡನೆಯವರನ್ನು ಕೈಬಿಡಬೇಕೇ? ಮುಂಗಡ ಎಷ್ಟಿರುವುದು ನ್ಯಾಯ?

ಸಾಗರದ ಇಂಜಿನಿಯರ್

ಕೈಬಿಡಬೇಕಾಗಿಲ್ಲ. ಮಲೆನಾಡಿನಲ್ಲಿ ಎಲ್ಲಿಯೂ ತೇವ ಕಾಣಿಸದ ಮನೆಗಳನ್ನಷ್ಟೇ ಕಟ್ಟಿದ್ದೇನೆನ್ನುವವರನ್ನು ನಾನು ಹೆಚ್ಚು ಅನುಮಾನಿಸುತ್ತೇನೆ. ಹಣ ಸಂದ ಮೇಲೂ ಕರೆದಾಗ ಬರುತ್ತಾರೆ ಎಂಬುದೇ ತಾವು ಹುಡುಕುತ್ತಿದ್ದ ಹೆಸರು. ಆದರೆ ತಮ್ಮ ಮನೆಯ ಸ್ನಾನದ ಕೋಣೆಗಳ ನೆಲವನ್ನು ತಗ್ಗಿಸಿ ಹಾಕುವ ಭಾಗದಲ್ಲಿ ಜಲನಿರೋಧಕ ಪದರ ಹಾಕಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಬೇಕೆಂದು ಒಪ್ಪಂದದಲ್ಲಿ ಬರೆಸಿ. ತಾರಸಿಗೂ ಇದೇ ಪರೀಕ್ಷೆಯಿರಲಿ.

ಮುಂಗಡದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಯಾವ ಹಂತದಲ್ಲೂ ಕೊಟ್ಟ ಹಣ ಆದ ಕೆಲಸಕ್ಕಿಂತ ಮುಂದೆ ಹೋಗಬಾರದು. ಜನ, ಸಾಮಗ್ರಿ ಹೊಂದಿಸಿಕೊಳ್ಳಲು ಶೇ 5ರಷ್ಟು ಕೊಟ್ಟು ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುವುದು ತಕ್ಕದ್ದು. ಬ್ಯಾಂಕು ಸಾಲವನ್ನು ಪಾಯ, ಲಿಂಟಲ್ (ಕಿಟಕಿ ಬಾಗಿಲುಗಳ ಮೇಲಿನ ತೊಲೆ), ತಾರಸಿ, ಗಾರೆ ಎಂದು ಹಂತಹಂತವಾಗಿ ಬಿಡುಗಡೆ ಮಾಡುತ್ತದೆ. ಗುತ್ತಿಗೆದಾರರ ಕಂತುಗಳೂ ಅದಕ್ಕೆ ಹೊಂದಿಕೆಯಾಗದಿದ್ದರೆ ನಡುವಿನ ಹಣವನ್ನು ತಾವು ಕೈಯಿಂದ ಹೊಂದಿಸಬೇಕಾಗುತ್ತದೆ. ಕೊನೆಯ ಶೇ 5ನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಮಾತನ್ನು ಎರಡನೆಯವರ ಮುಂದಿಡಿ. ಅವರು ಒಪ್ಪಿದರೆ ದರದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ತಾವಿಬ್ಬರೂ ಸ್ಥಳದಲ್ಲಿ ಇರಲಾಗದ ಕಾರಣ ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಇಂಜಿನಿಯರೊಬ್ಬರನ್ನು ಪಾಯ ತುಂಬುವ ಮೊದಲು, ಪ್ಲಿಂತ್ ತೊಲೆ, ಲಿಂಟಲ್, ತಾರಸಿಯ ಕಬ್ಬಿಣ ಕಟ್ಟಿದ ಮೇಲೆ, ಹೀಗೆ ಮುಖ್ಯ ಹಂತಗಳಲ್ಲಿ ಕರೆಸಿ ಶುಲ್ಕ ಕೊಡಿ. ಅವರು ನೋಡಿ ಒಪ್ಪಿದ ಮೇಲೆಯೇ ಕಾಂಕ್ರೀಟು ಹಾಕಬೇಕೆಂಬ ಷರತ್ತಿರಲಿ. 14 ಚದರದ ತಾರಸಿ ಐದು ಇಂಚು ದಪ್ಪವೆಂದರೆ ಸುಮಾರು 16 ಘನ ಮೀಟರ್ ಕಾಂಕ್ರೀಟಾಗುತ್ತದೆ. ಅಷ್ಟಕ್ಕೆ ಮೂರು ಮಾದರಿ, ತಲಾ ಮೂರರಂತೆ ಒಂಬತ್ತು ಕ್ಯೂಬುಗಳನ್ನು (ಕಾಂಕ್ರೀಟಿನ ಘನಾಕಾರದ ತುಂಡುಗಳನ್ನು) ಎರಕ ಹೊಯ್ದು, ಬಲ ತಿಳಿಯಲು 28ನೆಯ ದಿನ ಒಡೆಸಬೇಕು. ಪರೀಕ್ಷೆಯ ಖರ್ಚು ತಾರಸಿಯ ಖರ್ಚಿನ ಮುಂದೆ ತೀರ ಅಲ್ಪ. ಸಂಜೆ ಬರುವ ಮಾವನವರಿಗೆ ನೀರುಣಿಸಿದ್ದಾರೆಯೇ ಎಂದು ನೋಡುವ ಕೆಲಸವನ್ನೂ, ಆ ದಿನ ಎಷ್ಟು ಆಳು ಬಂದಿದ್ದರು, ಎಷ್ಟು ಚೀಲ ಸಿಮೆಂಟು ಖರ್ಚಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನೂ ಒಪ್ಪಿಸಿದರೆ ಸಾಕು.

ಗುಂಡಿಯ ಮಾತೆತ್ತಿದ ಮೇಸ್ತ್ರಿಗೂ ಒಂದು ದಾರಿಯಿದೆ. ಯಾರಿಗೆ ಗುತ್ತಿಗೆ ಕೊಡಬೇಕೆಂದು ನಿಶ್ಚಯಿಸುವ ಮೊದಲೇ ಅವರಿಗೆ ಕೂಲಿ ಕೊಟ್ಟು ನಿವೇಶನದ ಎರಡು ಮೂಲೆಗಳಲ್ಲಿ ಗಟ್ಟಿ ನೆಲ ಸಿಗುವವರೆಗೆ ಗುಂಡಿ ತೋಡಿಸಿ, ಆಳದ ಅಳತೆಯೊಂದಿಗೆ ಚಿತ್ರ ತೆಗೆದು, ಅದನ್ನು ಮೂವರಿಗೂ ಕಳಿಸಿ ಪಾಯದ ದರವನ್ನು ಬೇರೆಯಾಗಿ ಬರೆದುಕೊಡಲು ಕೇಳಿ. ಮಳೆ ನಿಂತು ನೀರು ಇಳಿದ ಕೂಡಲೇ ಇದನ್ನು ಮಾಡಿಸಿದರೆ ದೀಪಾವಳಿಯ ಹೊತ್ತಿಗೆ ಒಪ್ಪಂದ ಮುಗಿಸಬಹುದು.